ಪಾಟಿಚೀಲದಲ್ಲೇ ಉಳಿದ ಬೂಟು

ಕೊರೊನಾ ಮುಗಿದು ಶಾಲೆಗಳು ಮತ್ತೆ ಬಾಗಿಲು ತೆರೆದ ವರ್ಷ ನಾನು ಹೈದರಾಬಾದಿನ ಹಿಮಾಯತ್‌ನಗರದ ಒಂದು ಸೇವಾಸಂಸ್ಥೆಯಲ್ಲಿ ಗುಣಮಟ್ಟದ ಅಧಿಕಾರಿಯಾಗಿದ್ದೆ. ಹಳ್ಳಿಯ ಬಡಮಕ್ಕಳಿಗೆ ಶಾಲೆಯ ಬೂಟು ಕೊಡುವುದು ಸಂಸ್ಥೆಯ ಕೆಲಸ, ಆ ಬೂಟು ಬಾಳುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಅದಕ್ಕೂ ಮೊದಲು ಬಹುಕಾಲ ಬೂಟಿನ ಕಾರ್ಖಾನೆಯಲ್ಲಿ ದುಡಿದವಳು. ಬೇರೆಯವರು ಮುಖ ನೋಡಿ ಮಾತಾಡಿಸಿದರೆ ನಾನು ಮೊದಲು ಕಾಲು ನೋಡುತ್ತೇನೆ. ಈ ಚಾಳಿಗೆ ಮನೆಯಲ್ಲಿ ಬೈಸಿಕೊಂಡದ್ದೂ ಉಂಟು.

ಬೂಟು ಹಂಚಿದ ಆರು ತಿಂಗಳಿಗೆ ಶಾಲೆಗೆ ಹೋಗಿ ಸವೆತದ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಸೋಲ್, ಅಂದರೆ ನೆಲಕ್ಕೆ ತಾಗುವ ಅಟ್ಟೆ, ಎಲ್ಲಿ ಎಷ್ಟು ತೇದಿದೆ ಎಂದು ನೋಡಿದರೆ ಬೂಟಿನ ಹಣೆಬರಹ ತಿಳಿಯುತ್ತದೆ. ಹಾಗೆ ತಾಂಡೂರಿನ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡ ಒಂದು ಊರಿಗೆ ಸಂಸ್ಥೆಯ ಜೀಪಿನಲ್ಲಿ ಹೋದೆ. ಶಾಲೆ ತೆಲುಗಿನದು, ಮಕ್ಕಳ ಮನೆಮಾತು ಕನ್ನಡ. ಸುತ್ತಲೂ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಗಳು. ಹೆಚ್ಚಿನ ಮಕ್ಕಳು ಗಣಿಯಾಚೆಯ ಕೇರಿಯಿಂದ, ಚೂಪುಗಲ್ಲಿನ ಗುಡ್ಡೆಗಳ ನಡುವೆ ನಡೆದು ಬರುತ್ತಾರೆ. ನಾವು ಆ ಶಾಲೆಯನ್ನು ಆರಿಸಿಕೊಂಡದ್ದೇ ಆ ದಾರಿಯ ಸಲುವಾಗಿ.

ಹೆಡ್‌ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದರು. ಬೂಟುಗಳು ಫಳಫಳ ಹೊಳೆಯುತ್ತಿದ್ದವು.

"ನೋಡ್ರಿ ಮೇಡಂ, ನಮ್ಮ ಹುಡುಗ್ರು ಹೆಂಗ ಇಟ್ಕೊಂಡಾರ! ಕಾನ್ವೆಂಟ್ ಮಕ್ಕಳಿಗೇನು ಕಮ್ಮಿ ಇಲ್ರಿ" ಎಂದರು.

ಫೋಟೊ ಕಳಿಸಿದೆ. ನಮ್ಮ ನಿರ್ದೇಶಕರು ಆಫೀಸಿನಿಂದಲೇ ಶಹಬ್ಬಾಸ್ ಎಂದರು. ಆಮೇಲೆ ಸಾಲಿನ ಒಬ್ಬ ಹುಡುಗಿಯ ಬೂಟು ಬಿಚ್ಚಿಸಿ ತಿರುವಿ ನೋಡಿದೆ. ಅಟ್ಟೆಯ ಗೆರೆಗಳು ಅಚ್ಚಿನಿಂದ ಬಂದಂತೆಯೇ ಇದ್ದವು. ನಡೆಯುವ ಮಗುವಿನ ಬೂಟು ಮೊದಲು ಹಿಮ್ಮಡಿಯ ಹೊರ ಅಂಚಿನಲ್ಲಿ ಸವೆಯುತ್ತದೆ. ಅಲ್ಲೂ ಏನಿಲ್ಲ. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಒಂದೂ ಸವೆದಿರಲಿಲ್ಲ.

"ಮನಿಯಿಂದ ಇವನ್ನ ಹಾಕ್ಕೊಂಡು ಬರ್ತೀಯೇನವ್ವ?" ಎಂದು ಆ ಹುಡುಗಿಯನ್ನು ಕೇಳಿದೆ.

"ಇಲ್ರಿ ಅಕ್ಕಾರ. ಪಾಟಿಚೀಲದಾಗ ತರ್ತೀವಿ. ಗೇಟಿನ ಮುಂದ ಕಾಲು ಒರಿಸ್ಕೊಂಡು ಹಾಕ್ಕೋತೀವಿ. ಬೂಟು ಹೊಲಸಾದ್ರ ಪ್ರೇಯರ್‌ದಾಗ ಹೊರಗ ನಿಂದರಸ್ತಾರ್ರಿ."

ಹೆಡ್‌ಮಾಸ್ತರರ ಮುಖ ಸಪ್ಪಗಾಯಿತು. ಕೆಟ್ಟ ಮನುಷ್ಯರಲ್ಲ, ತಮ್ಮ ಮಕ್ಕಳು ನಾಲ್ಕು ಜನರ ಮುಂದೆ ಚೆಂದ ಕಾಣಲಿ ಎಂದು ಮಾಡಿದ ನಿಯಮ. ಆದರೂ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಸರ್, ನಾವು ಬೂಟು ಕೊಟ್ಟಿದ್ದು ಕಾಲಿಗೆ, ಪ್ರೇಯರಿಗಲ್ಲ" ಎಂದುಬಿಟ್ಟೆ.

ಅಷ್ಟರಲ್ಲಿ ಹುಡುಗಿ ಮೆಲ್ಲಗೆ ಹೇಳಿದಳು: "ರೇಣುಕಾಗ ಕಲ್ಲು ಚುಚ್ಚೈತ್ರಿ. ಸಾಲಿಗೇ ಬರವಲ್ಲಳು."

ಹೆಡ್‌ಮಾಸ್ತರರೇ ಮನೆ ತೋರಿಸಿದರು. ಒಳಗೆ ಕಾಲಿಡುವ ಮುನ್ನವೇ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಐದನೇ ಇಯತ್ತೆಯ ಹುಡುಗಿ ಜ್ವರದಲ್ಲಿ ಬೇಯುತ್ತಿದ್ದಳು. ಪಾದಕ್ಕೆ ಅರಿಶಿನ, ಸುಣ್ಣ ಮೆತ್ತಿ ಬಟ್ಟೆ ಸುತ್ತಿದ್ದರು. ಬಿಚ್ಚಿದರೆ ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಾಗಿದ್ದವು. ತಾಯಿ ಶಾಂತಮ್ಮ, "ನಂಜು ಇಳೀತೈತಿ ಅಂದಿದ್ರು ಅಕ್ಕಾರ..." ಎನ್ನುತ್ತಿದ್ದಂತೆಯೇ ಮಗುವನ್ನು ಎತ್ತಿ ನಮ್ಮ ಜೀಪಿಗೆ ಹಾಕಿದೆ. ತಾಯಿ ಕೈಗೆ ಸಿಕ್ಕ ಮಗಳ ಪಾಟಿಚೀಲದಲ್ಲೇ ಎರಡು ಬಟ್ಟೆ ತುರುಕಿಕೊಂಡು ಹತ್ತಿದಳು. ಗಂಡ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ.

ತಾಂಡೂರಿನ ವೈದ್ಯರು ಇಂಜೆಕ್ಷನ್ ಕೊಟ್ಟು, ಕೆಂಪೇರಿದ ಚರ್ಮದ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದರು. "ಸೋಂಕು ಇಲ್ಲಿವರೆಗೆ ಬಂದಿದೆ. ಕೆಂಪು ಈ ಗೆರೆ ದಾಟಿದರೆ ಏರುತ್ತಿದೆ ಅಂತ ಅರ್ಥ. ಸೀದಾ ಹೈದರಾಬಾದಿಗೆ ಹೋಗಿ, ಎಲ್ಲೂ ನಿಲ್ಲಬೇಡಿ" ಎಂದರು.

ರೇಣುಕಾಳ ಕಾಲು ನನ್ನ ತೊಡೆಯ ಮೇಲಿತ್ತು, ತಲೆ ತಾಯಿಯ ಮಡಿಲಲ್ಲಿ. ದಾರಿಯುದ್ದಕ್ಕೂ ನಾನು ಆ ಗೆರೆಯನ್ನೇ ನೋಡುತ್ತ ಕೂತೆ. ಚೇವೆಳ್ಳ ಬರುವ ಹೊತ್ತಿಗೆ ಚರ್ಮದ ಕೆಂಪು ಪೆನ್ನಿನ ಗೆರೆಯನ್ನು ದಾಟಿ ಒಂದು ಬೆರಳಿನಷ್ಟು ಮೇಲೆ ಏರಿತ್ತು. ಶಾಂತಮ್ಮನಿಗೆ ಕಾಣದಿರಲೆಂದು ಸೆರಗು ಮುಚ್ಚಿದೆ. ಮೆಹದಿಪಟ್ನಂನಲ್ಲಿ ಗಾಡಿಗಳು ಜಾಮ್ ಆಗಿ ನಿಂತಾಗ ನಮ್ಮ ಡ್ರೈವರ್ ಇಳಿದು, ಮುಂದಿನ ಬಸ್ಸು ಆಟೋದವರಿಗೆಲ್ಲ ಕೈಮುಗಿದು ದಾರಿ ಬಿಡಿಸಿದ. ನನಗೆ ಬರುವ ದೇವರ ಹೆಸರುಗಳೆಲ್ಲ ಅಲ್ಲೇ ಮುಗಿದವು.

ಕೋಠಿಯ ಆಸ್ಪತ್ರೆಯ ಸರ್ಜನ್ ಕಾಲು ನೋಡಿ ತೆಲುಗಿನಲ್ಲಿ ಹೇಳಿದ್ದಿಷ್ಟು: ತೆರೆದು ನೋಡಿದ ಮೇಲೆಯೇ ಎಷ್ಟು ತೆಗೆಯಬೇಕೆಂದು ತಿಳಿಯುವುದು, ಪಾದ ಉಳಿಯುತ್ತದೆಂದು ಮಾತು ಕೊಡಲಾರೆ.

"ಏನಂದ್ರಿ ಅಕ್ಕಾರ?" ಎಂದು ಶಾಂತಮ್ಮ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳಿದೆ. ಅವಳು ಅಳಲಿಲ್ಲ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದು, ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ಆಮೇಲೆ ಪಾಟಿಚೀಲದೊಳಗೆ ಕೈಹಾಕಿ, ಹಳೇ ಬನಿಯನ್ನಿನಲ್ಲಿ ಸುತ್ತಿದ್ದ ಮಗಳ ಬೂಟು ತೆಗೆದು ನನ್ನ ಕೈಗಿಟ್ಟಳು.

"ಇವು ಒಂದು ದಿನಾನೂ ಹೊಲಸು ತುಳಿದಿಲ್ರಿ. ನಮ್ಮ ಹುಡುಗಿಗೆ ಇನ್ನ ಬೇಕಾಗ್ತಾವೋ ಇಲ್ಲೋ. ಬ್ಯಾರೆ ಕೂಸಿಗರೆ ಕೊಡ್ರಿ."

ಸರ್ವೀಸಿನಲ್ಲಿ ಸಾವಿರಾರು ಬೂಟು ಕೈಯಲ್ಲಿ ಹಿಡಿದಿದ್ದೇನೆ. ಅಷ್ಟು ಭಾರದ್ದು ಒಂದೂ ಇರಲಿಲ್ಲ. ಅವಳು ಅಳದಿದ್ದರೂ ನಾನು ಅತ್ತೆ. "ಒಲ್ಲೆ ಶಾಂತಮ್ಮ, ಅವು ರೇಣುಕಾನವು" ಎಂದು ತಿರುಗಿ ಅವಳ ಮಡಿಲಲ್ಲೇ ಇಟ್ಟೆ.

ಹೊತ್ತು ಮುಳುಗುವಾಗ ಸರ್ಜನ್ ಹೊರಬಂದರು. ಎರಡು ಬೆರಳು ಹೋಗಿದ್ದವು. ಪಾದ ಉಳಿದಿತ್ತು. ಆಗ ಶಾಂತಮ್ಮ ಗೋಡೆಗೆ ಒರಗಿ ದನಿ ತೆಗೆದು ಅತ್ತಳು.

ಮರುವಾರದ ಮೀಟಿಂಗಿನಲ್ಲಿ ನಿರ್ದೇಶಕರು, "ನಮ್ಮ ಬೂಟಿನಿಂದ ಆದದ್ದಲ್ಲವಲ್ಲ" ಎಂದು ನೆಮ್ಮದಿಯ ಉಸಿರುಬಿಟ್ಟರು. "ಅದೇ ಅಲ್ಲವೇ ಸರ್ ತೊಂದರೆ! ನಮ್ಮ ಬೂಟು ಅಲ್ಲಿರಲೇ ಇಲ್ಲ" ಎಂದೆ. ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಟೀ ತಂದವನು ಬಾಗಿಲಲ್ಲೇ ನಿಂತುಬಿಟ್ಟ. ಆ ಊರಿನ ಹೆಡ್‌ಮಾಸ್ತರರು ಮಾತ್ರ ಯಾರಿಂದಲೂ ಹೇಳಿಸಿಕೊಳ್ಳಲಿಲ್ಲ. ಕೋಠಿಗೆ ಬಂದು ಹುಡುಗಿಯ ಹಾಸಿಗೆಯ ಬಳಿ ತಲೆ ತಗ್ಗಿಸಿ ನಿಂತಿದ್ದರು. ಅವರ ಶಾಲೆಯ ಪ್ರೇಯರಿನಲ್ಲಿ ಬೂಟಿನ ಹೊಲಸು ನೋಡುವ ತಪಾಸಣೆ ಅಲ್ಲಿಗೆ ನಿಂತಿತು.

ದಾನ ಮಾಡುವವರು ಮರೆಯುವ ಒಂದು ಮಾತನ್ನು ಈ ಕೆಲಸ ನನಗೆ ಕಲಿಸಿತು. ಬಡವರ ಮನೆಗೆ ಒಳ್ಳೆಯ ವಸ್ತು ಹೋದರೆ ಅದನ್ನು ಬಳಸುವುದಿಲ್ಲ, ಕಾಪಾಡುತ್ತಾರೆ. ಕೊಟ್ಟರಷ್ಟೇ ಸಾಲದು, ಹಾಳು ಮಾಡಲು ಅಪ್ಪಣೆಯನ್ನೂ ಕೊಡಬೇಕು. ಮುಂದಿನ ವರ್ಷದಿಂದ ನಾವು ಬೂಟು ಹಂಚುವ ದಿನ ವೇದಿಕೆ ಹಾಕಲಿಲ್ಲ. ಹೊಸ ಬೂಟು ತೊಟ್ಟ ಮಕ್ಕಳ ಜೊತೆ ಶಾಲೆಯಿಂದ ಮನೆಯವರೆಗೆ ಗಣಿದಾರಿಯಲ್ಲೇ ನಡೆದೆವು.

ಮೊದಲ ಸಲ ಹಾಗೆ ನಡೆದ ದಿನ, ಹಿಂದಿನ ರಾತ್ರಿ ಮಳೆ ಬಿದ್ದು ದಾರಿಯೆಲ್ಲ ರಾಡಿ. ಬೆರಳಿಲ್ಲದ ಕಡೆ ಸ್ಪಂಜು ತುಂಬಿಸಿದ್ದ ಬೂಟಿನಲ್ಲಿ ರೇಣುಕಾ ಕುಂಟುತ್ತಲೇ ಎಲ್ಲರಿಗಿಂತ ಮುಂದೆ ಹೋಗಿ, ಮನೆ ಬಾಗಿಲಲ್ಲಿ ಕಾಲೆತ್ತಿ ತೋರಿಸಿದಳು.

"ನೋಡ್ರಿ ಅಕ್ಕಾರ, ನನ್ನವು ಎಲ್ಲಾರಕಿಂತ ಹೊಲಸಾಗ್ಯಾವ!"

ಶಾಂತಮ್ಮ ಒರೆಸಲೆಂದು ಸೆರಗು ಹಿಡಿದು ಬಗ್ಗಿದಳು. ಬಗ್ಗಿದವಳು ತಡೆದು, ನನ್ನ ಮುಖ ನೋಡಿ, ಸೆರಗು ಬಿಟ್ಟುಬಿಟ್ಟಳು.