ಮೊಮ್ಮಗಳ ಹಾಡಿನ ಗಂಡ

ಮದುವೆಯೇ ಆಗದ ಹುಡುಗಿಯನ್ನು ಬಿಟ್ಟುಹೋದ ಗಂಡಂದಿರು ಎಷ್ಟು ಜನ, ಹೇಳಿ ನೋಡೋಣ? ನನ್ನ ಮೊಮ್ಮಗಳಿಗೆ ಮೂವರು. ಒಬ್ಬ ಲಾರಿ ಹತ್ತಿ ಹೋದ, ಒಬ್ಬ ಜೈಲಿಗೆ ಹೋದ, ಸಿಗರೇಟು ತರುತ್ತೇನೆಂದು ಹೊರಟ ಇನ್ನೊಬ್ಬ ಬರಲೇ ಇಲ್ಲ. ಎಲ್ಲರೂ ಅವಳೇ ಕಟ್ಟಿದ ಹಾಡುಗಳಲ್ಲಿದ್ದಾರೆ.

ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್ ಬಡಾವಣೆಯಲ್ಲಿ ಗೆಳತಿಯರ ಜೊತೆ ಮನೆ ಹಂಚಿಕೊಂಡಿದ್ದ ಅವಳು ಬೆಳಿಗ್ಗೆ ಕಾದಂಬರಿ ಬರೆಯುತ್ತಿದ್ದಳು, ಸಂಜೆ ಪಬ್ಬುಗಳಲ್ಲಿ ಗಿಟಾರ್ ಹಿಡಿದು, ಬಿಟ್ಟುಹೋದವರ ಗೋಳು ಹೇಳುವ ಅಮೆರಿಕದ ಕಂಟ್ರಿ ಶೈಲಿಯ ಹಾಡು ಹಾಡುತ್ತಿದ್ದಳು. ಆ ವರ್ಷ ಯುಗಾದಿ ಊಟಕ್ಕೆ ಊರಿನ ನಮ್ಮ ಕನ್ನಡದವರೆಲ್ಲ ಸೇರಿದಾಗ ನಾನೇ ಅವಳನ್ನು ವೇದಿಕೆಗೆ ನೂಕಿದೆ. ಯಾರದೋ ದೇವರನಾಮ ಮುಗಿದಿತ್ತು. ಇವಳು ಕಣ್ಣು ಮುಚ್ಚಿಕೊಂಡು, ನನ್ನ ಗಂಡ ಸಿಗರೇಟು ತರಲು ಹೋದ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಹೋಳಿಗೆ ಬಡಿಸುವವರ ಕೈ ನಿಂತಿತು.

ಮರುದಿನ ಪಕ್ಕದ ಬೀದಿಯ ಮಂಗಳೂರಿನ ಹೆಂಗಸು ಡಬ್ಬಿ ತುಂಬ ನೀರುದೋಸೆ ತಂದು ನನ್ನ ಕೈ ಹಿಡಿದಳು.

"ಮದುವೆಗೆ ಕರೀಲಿಲ್ಲ, ಹೋಗ್ಲಿ ಆಂಟಿ. ಡಿವೋರ್ಸ್ ಆದ್ರೂ ಹೇಳಬಾರದಿತ್ತಾ?"

"ಡಿವೋರ್ಸ್ ಕೊಡೋಕೆ ಅವನು ಸಿಕ್ಕಿದ್ರೆ ತಾನೇ!" ಎಂದೆ. ದೋಸೆ ಮೆತ್ತಗಿತ್ತು, ನಿಜ ಹೇಳಲು ಅವಸರವೇನಿತ್ತು?

ಆದರೆ ಡಾಕ್ಟರಾದ ನನ್ನ ಮಗನಿಗೆ ಆಸ್ಪತ್ರೆಯಲ್ಲೂ ನಮ್ಮವರು ಹೆಗಲು ತಟ್ಟಿ ಸಮಾಧಾನ ಹೇಳಿದರಂತೆ. ಮನೆಗೆ ಬಂದವನೇ ಮಗಳಿಗೆ ಫೋನ್ ಮಾಡಿದ. "ಸಾಕು. ಇನ್ನು ಆ ಹಾಡೂ ಬೇಡ, ಪಬ್ಬೂ ಬೇಡ."

ಆ ಶುಕ್ರವಾರವೇ ಅವಳ ಪಾಲಿನ ದೊಡ್ಡ ದಿನ. ಆ ಹಾಡನ್ನೇ ಬೆಳೆಸಿ ಬರೆದ ಕಾದಂಬರಿಯನ್ನು ಪಬ್ಬಿನಲ್ಲಿ ಓದಬೇಕು, ನಡುನಡುವೆ ಹಾಡಬೇಕು. ಕೇಳಲು ಮ್ಯಾಂಚೆಸ್ಟರಿನಿಂದ ಒಬ್ಬ ಪ್ರಕಾಶಕಿ ಬರುವವಳಿದ್ದಳು.

"ಕ್ಯಾನ್ಸಲ್ ಮಾಡ್ಲಾ, ಅಜ್ಜಿ? ಡ್ಯಾಡ್‌ಗೆ ರಿಯಲಿ ಬೇಜಾರಾಗಿದೆ." ನನಗೆ ಫೋನ್ ಮಾಡಿ ಕೇಳಿದಳು.

"ನೀನು ಹಾಡು. ನಿಮ್ಮಪ್ಪನ್ನ ನಾನು ನೋಡ್ಕೋತೀನಿ."

ಶುಕ್ರವಾರ ಮೊಣಕಾಲು ನೋವೆಂದು ಮಗನ ಕಾರಿನಲ್ಲೇ ಹೋದೆ. ಬಾಗಿಲಲ್ಲಿ ಬಿಟ್ಟು ಹೋಗುತ್ತೇನೆಂದವನ ತೋಳು ಹಿಡಿದು ಒಳಗೆ ಕೂರಿಸಿದೆ. ಅವನು ಫೋನ್ ನೋಡುತ್ತಾ ಕೂತ. ಮೊಮ್ಮಗಳು ಓದತೊಡಗಿದಳು. ಅಂಗಡಿಗೆ ಹೊರಟ ಗಂಡ ಎದುರು ನಿಂತ ಬಸ್ಸು ಹತ್ತಿಬಿಡುತ್ತಾನೆ, ಯಾಕೆಂದು ಅವನಿಗೇ ಗೊತ್ತಿಲ್ಲ. ವರ್ಷಗಳ ಮೇಲೆ ಒಂದು ಸಂಜೆ ಅದೇ ಬೀದಿಗೆ ಬಂದು, ತನ್ನದೇ ಮನೆಯ ಬಾಗಿಲು ತಟ್ಟಲು ಕೈ ಎತ್ತಿ ನಿಲ್ಲುತ್ತಾನೆ. ಅಲ್ಲಿಗೆ ಪುಟ ಮುಚ್ಚಿ ಹಾಡು ಎತ್ತಿಕೊಂಡಳು. ಮಗನ ಫೋನು ಯಾವಾಗಲೋ ಜೇಬು ಸೇರಿತ್ತು.

ಕೊನೆಯಲ್ಲಿ ಪ್ರಕಾಶಕಿ ಅವಳ ಕೈ ಕುಲುಕಿ, ಪುಸ್ತಕ ಪೂರ್ತಿ ಕಳಿಸು ಎಂದಳು. ನಾವಿಬ್ಬರೂ ಹತ್ತಿರದಲ್ಲೇ ನಿಂತಿದ್ದೆವು.

ಕಾರಿನಲ್ಲಿ ಮಗನನ್ನು ಕೆಣಕಿದೆ. "ಏನಪ್ಪಾ, ಹಾಡು ನಿಲ್ಸು ಅಂತ ಈಗಲೇ ಹೇಳ್ತೀಯೋ, ನಾಳೆ ಹೇಳ್ತೀಯೋ?"

"ಸುಮ್ನಿರಮ್ಮಾ! ಅವನು ಬಾಗಿಲು ತಟ್ಟಿದ್ನೋ ಇಲ್ವೋ, ಮೊದಲು ಅದು ಗೊತ್ತಾಗ್ಲಿ."