ಬೇಡಪ್ಪನ ಮೂರು ಬೇಡ

ಓಯ್! ಅಂಗಡಿ ಮೆಟ್ಟಿಲ ಮೇಲೆ ಕೂತಿರೋರೇ! ಸ್ಕೂಟರ್ ಒರೆಸ್ತಿರೋ ಅಣ್ಣ! ಬಾಲ್ಕನಿಯಲ್ಲಿ ಬಟ್ಟೆ ಒಣಗಿಸ್ತಾ ಪಕ್ಕದ ಮನೆ ಕಡೆ ಒಂದು ಕಣ್ಣಿಟ್ಟಿರೋ ಅತ್ತೆ! ಎಲ್ಲಾರೂ ಸ್ವಲ್ಪ ಕಿವಿ ಈ ಕಡೆ ಕೊಡಿ. ಬೇಡಪ್ಪಂಗೆ ಏನಾಯ್ತು ಗೊತ್ತಾ? ಗೊತ್ತಿಲ್ವಾ? ಹಾಗಾದ್ರೆ ಕೇಳಿ, ಮಧ್ಯದಲ್ಲಿ ಬಾಯಿ ಹಾಕ್ಬೇಡಿ.

ಬೇಡಪ್ಪ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಆ ದೊಡ್ಡ ಹೋಟೆಲ್ಲಿನ ನೆಲಮಾಳಿಗೆಯಲ್ಲಿ ಲಾಂಡ್ರಿ ಇದೆಯಲ್ಲ, ಅಲ್ಲಿ ಅವನ ಜೊತೆ ಕೆಲಸ ಮಾಡೋ ಜನ ಇಟ್ಟಿದ್ದು. ಟೀ ಕುಡೀತೀರಾ ಅಂದ್ರೆ "ಅಯ್ಯೋ ಬೇಡಪ್ಪ." ಸ್ಟೂಲ್ ಖಾಲಿ ಇದೆ ಕೂತ್ಕೊಳ್ಳಿ ಅಂದ್ರೆ "ಬೇಡಪ್ಪ, ನಂಗೆ ನಿಂತೇ ಅಭ್ಯಾಸ." ಮಳೆ ಬರ್ತಿದೆ ಕೊಡೆ ತಗೊಳ್ಳಿ ಅಂದ್ರೆ ಅದಕ್ಕೂ ಬೇಡಪ್ಪ. ಹಾಗಂತ ಸನ್ಯಾಸಿ ಅಂದ್ಕೋಬೇಡಿ. ಟೀನೂ ಕುಡೀತಿದ್ದ, ಸ್ಟೂಲ್ ಮೇಲೂ ಕೂರ್ತಿದ್ದ, ಕೊಡೆನೂ ತಗೊಂಡು ಹೋಗ್ತಿದ್ದ, ವಾಪಸ್ ತರೋದು ಮಾತ್ರ ಮರೀತಿದ್ದ. ಮೂರು ಸಲ ಕೇಳ್ಬೇಕು, ಅಷ್ಟೇ. ಎರಡು ಸಲ ಬೇಡ, ಮೂರನೇ ಸಲಕ್ಕೆ "ಇಷ್ಟು ಹೇಳ್ತೀರಲ್ಲ, ನಿಮ್ಮ ಮನಸ್ಸಿಗೆ ಯಾಕೆ ನೋವು ಮಾಡ್ಲಿ" ಅಂತ ಕೊಟ್ಟೋರಿಗೇ ಉಪಕಾರ ಮಾಡಿದ ಮುಖದಲ್ಲಿ ಕೈ ಚಾಚೋದು.

ಇದೆಲ್ಲ ಬಂದಿದ್ದು ಎಲ್ಲಿಂದ? ಅವನು ಚಿಕ್ಕೋನಿದ್ದಾಗ ಪಕ್ಕದ ಮನೆಯವರು ಹೊಸ ಸೈಕಲ್ ತಂದಿದ್ರು. "ಒಂದು ರೌಂಡ್ ಹೊಡೀತೀಯೇನೋ?" ಅಂದ್ರು. ಇವನು "ಹೂಂ!" ಅಂತ ಎಗರಿಬಿಟ್ಟ. ಅವರಮ್ಮನ ತುಟಿ ಮೇಲಿನ ನಗು ಒಂದು ಚೂರೂ ಅಲ್ಲಾಡ್ಲಿಲ್ಲ, ಕೈ ಮಾತ್ರ ಕೆಳಗಿಳಿದು ಇವನ ತೊಡೆ ಚಿವುಟಿ ಹಾಕ್ತು. ಮನೆಗೆ ಬಂದ್ಮೇಲೆ ಪಾಠ ಶುರು.

"ಕೇಳಿದ ತಕ್ಷಣ ಹೂಂ ಅಂತೀಯಾ, ಯಾವತ್ತೂ ಏನೂ ಕಾಣದೋರ ಥರ? ಎರಡು ಸಲ ಬೇಡ ಅನ್ಬೇಕು. ಮೂರನೇ ಸಲ ಕೇಳಿದ್ರೆ ಒಪ್ಕೋಬೇಕು."

"ಮೂರನೇ ಸಲ ಕೇಳ್ದೇ ಇದ್ರೆ?"

"ಕೇಳ್ತಾರೆ ಕಣೋ. ಮನುಷ್ಯರಾದೋರು ಕೇಳೇ ಕೇಳ್ತಾರೆ."

ಸೈಕಲ್ ರೌಂಡ್ ಅವತ್ತು ಹೋಯ್ತು, ಪಾಠ ಉಳೀತು. ದೊಡ್ಡೋನಾದ್ಮೇಲೆ ಅದನ್ನೇ ನೆಂಟರೆಲ್ಲ "ಏನು ಸಂಕೋಚ, ಏನು ವಿನಯ, ಹುಟ್ಟುಗುಣ ಅಂದ್ರೆ ಇದು" ಅಂತ ಹಾಡಿ ಹೊಗಳಿದ್ರು. ಹುಟ್ಟಿದಾಗ ಎಲ್ಲಾ ಮಕ್ಕಳ ಥರ ಇವನೂ ಹಾಲಿಗೆ ಲಬೋ ಲಬೋ ಅಂತ ಅತ್ತೋನೇ. ಅವತ್ತು ಯಾರೂ ಮೂರು ಸಲ ಕೇಳಿರ್ಲಿಲ್ಲ. ಆದ್ರೆ ಇವನ್ನ ಕೇಳಿದ್ರೆ ಎದೆ ಮೇಲೆ ಕೈ ಇಟ್ಕೊಂಡು, "ನನ್ನ ಸ್ವಭಾವಾನೇ ಹಾಗೆ ನೋಡಿ, ನಂಗೆ ಆಸೆ ಅನ್ನೋದೇ ಕಮ್ಮಿ" ಅಂತಿದ್ದ.

ಆಸೆ ಕಮ್ಮಿ ಇರೋ ಈ ಮನುಷ್ಯನಿಗೆ ಒಂದು ಕುರ್ಚಿ ಮೇಲೆ ಜೀವ ಇತ್ತು.

ಲಾಂಡ್ರಿಯ ಮೂಲೇಲಿ ಗಾಜಿನ ಗೂಡಿನಂಥ ರೂಮು. ಒಳಗೆ ಫ್ಯಾನು, ಮೇಜು, ತಿರುಗೋ ಕುರ್ಚಿ. ಸೂಪರ್‌ವೈಸರ್ ಜಾಗ ಅದು. ಹೊರಗಡೆ ನೋಡಿದ್ರೆ ಆವಿ, ಸೋಪಿನ ಘಾಟು, ಗುಡ್ಡದಷ್ಟು ಬೆಡ್‌ಶೀಟು. ಬೇಡಪ್ಪನ ಕೆಲಸ ಮಡಚೋದು. ಆ ತುದಿ ಒಬ್ಬರು, ಈ ತುದಿ ಇವನು, ಎಳಿ, ಝಾಡಿಸು, ಮಡಚು, ಹತ್ರ ಬಾ, ಮತ್ತೆ ಮಡಚು. ದಿನವಿಡೀ ನಿಂತು ನಿಂತು ಮಂಡಿ ತುಕ್ಕು ಹಿಡಿದ ಬಾಗಿಲಿನ ಥರ ಕಿರ್ ಅಂತಿತ್ತು. ಹಳೇ ಸೂಪರ್‌ವೈಸರ್ ರಿಟೈರ್ ಆದ ದಿನದಿಂದ, ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋಗಿ ಆ ಕುರ್ಚೀಲಿ ಕೂತು ಒಂದು ಸುತ್ತು ತಿರುಗಿ ಬರ್ತಿದ್ದ. ಮನೇಲಿ ಹೆಂಡತಿ ಹತ್ರ ಜೇಬಿರೋ ಎರಡು ಶರ್ಟ್ ಇಸ್ತ್ರಿ ಮಾಡಿಸಿ ಇಟ್ಟಿದ್ದ. ಸೂಪರ್‌ವೈಸರ್ ಅಂದ್ಮೇಲೆ ಜೇಬಲ್ಲಿ ಪೆನ್ನು ಬೇಡ್ವಾ? ಲಾಂಡ್ರಿಯಲ್ಲೂ ಎಲ್ಲಾರೂ, "ಇನ್ನೇನಣ್ಣ, ನೀವೇ" ಅಂತಿದ್ರು. ಇವನು, "ಅಯ್ಯೋ, ನಂಗ್ಯಾಕಪ್ಪ" ಅಂತಿದ್ದ. ಎಲ್ಲಾ ಸರಿಯಾಗೇ ನಡೀತಿತ್ತು.

ಸರಿ ಇಲ್ಲದೇ ಇದ್ದಿದ್ದು ಒಂದೇ. ಮೇಲಿನ ಮಹಡಿಗೆ ಹೊಸ ಮ್ಯಾನೇಜರ್ ಮೇಡಂ ಬಂದಿದ್ರು.

ಒಂದು ಬೆಳಿಗ್ಗೆ ಮೇಡಂ ಕರೆಸಿದ್ರು. ಬೇಡಪ್ಪ ಜೇಬಿನ ಶರ್ಟ್ ಹಾಕ್ಕೊಂಡೇ ಬಂದಿದ್ದ, ಅದೇನು ಆಶ್ಚರ್ಯವೋ!

"ಬನ್ನಿ. ಲಾಂಡ್ರಿಗೆ ಸೂಪರ್‌ವೈಸರ್ ಬೇಕು. ನಿಮ್ಮನ್ನೇ ಮಾಡೋಣ ಅಂತಿದ್ದೀನಿ. ಆಗ್ತೀರಾ?"

ಬೇಡಪ್ಪನ ಕೈ ಆಗಲೇ ಶರ್ಟಿನ ಜೇಬು ಸವರ್ತಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ತಾನು ಪಾಠ ಒಪ್ಪಿಸ್ತು. "ಅಯ್ಯೋ ಮೇಡಂ, ನಂಗ್ಯಾಕೆ ಅದೆಲ್ಲ?"

ಒಂದಾಯ್ತು.

"ಯಾಕೆ, ಇಷ್ಟ ಇಲ್ವಾ?"

"ಹಾಗಲ್ಲ ಮೇಡಂ, ನಂಗಿಂತ ಯೋಗ್ಯರು ಎಷ್ಟೋ ಜನ ಇದ್ದಾರೆ."

ಎರಡಾಯ್ತು. ಬೇಡಪ್ಪ ತಲೆ ಬಗ್ಗಿಸಿ ನೆಲ ನೋಡ್ತಾ, ಮೂರನೇದಕ್ಕೆ ಹಾಕ್ಬೇಕಾದ ಮುಖ ರೆಡಿ ಮಾಡ್ಕೊಳ್ತಿದ್ದ.

"ಹೌದಾ? ಯಾರು?" ಅಂದ್ರು ಮೇಡಂ.

ನೋಡಿ, ಈ ಪ್ರಶ್ನೆ ಅವರಮ್ಮನ ಪಾಠದಲ್ಲಿ ಇರ್ಲಿಲ್ಲ! ಯೋಗ್ಯರು ಇದ್ದಾರೆ ಅಂದ್ರೆ "ಛೆ ಛೆ, ನಿಮ್ಮಂಥೋರು ಎಲ್ಲಿ" ಅನ್ಬೇಕು. ಹೆಸರು ಕೇಳ್ತಾರಾ ಯಾರಾದ್ರೂ? ಬೇಡಪ್ಪ ಕಕ್ಕಾಬಿಕ್ಕಿ. ಕೇಳಿದ್ರೆ ನಗ್ಬೇಕು, ಅಂಥ ಹೆಸರೇ ಹೇಳೋಣ ಅಂತ, "ಇದ್ದಾರಲ್ಲ, ರೋಲರ್ ಅಕ್ಕ" ಅಂದ.

ರೋಲರ್ ಅಕ್ಕ ಅಂದ್ರೆ ಇಸ್ತ್ರಿ ರೋಲರ್ ಓಡಿಸೋ ಹೆಂಗಸು. ಗಂಟಲು ಲೌಡ್‌ಸ್ಪೀಕರ್. ಅಣ್ಣ ತಮ್ಮಂದಿರ ದಂಡಿನ ಮಧ್ಯೆ ಬೆಳೆದೋಳು, ಆ ಮನೇಲಿ ಬೇಡ ಅಂದೋರ ತಟ್ಟೆ ಮುಂದಿನೋರ ಪಾಲು. ಹಾಗಾಗಿ ಬೇಕು ಅನ್ನೋದನ್ನ ಕೇಳೋಕ್ ಮುಂಚೇನೇ ಹೇಳಿಬಿಡ್ತಾಳೆ.

ಮೇಡಂ ನಗ್ಲಿಲ್ಲ. "ಥ್ಯಾಂಕ್ಸ್. ಇಷ್ಟು ನೇರವಾಗಿ ಹೇಳೋರು ಕಮ್ಮಿ" ಅಂದ್ರು.

ಬೇಡಪ್ಪ ನಿಂತೇ ಇದ್ದ. ಮೂರನೇದು ಬರುತ್ತೆ. ಮನುಷ್ಯರಾದೋರು ಕೇಳ್ತಾರೆ.

"ಇನ್ನೇನಾದ್ರೂ ಹೇಳೋದಿತ್ತಾ?"

"ಏನಿಲ್ಲ ಮೇಡಂ," ಅಂದುಬಿಡ್ತು ಹಾಳು ಬಾಯಿ.

ಲಾಂಡ್ರಿಗೆ ವಾಪಸ್ ಬಂದು ಒಂದು ರಾಶಿ ಮಡಚೋಷ್ಟರಲ್ಲಿ ರೋಲರ್ ಅಕ್ಕನಿಗೆ ಕರೆ ಬಂತು. ಹೋದ್ಲು, ಬಂದ್ಲು. ಏನಂದ್ಲಂತೆ ಗೊತ್ತಾ ಮೇಲೆ? "ಹೂಂ ಮೇಡಂ. ಯಾವತ್ತಿಂದ?" ಮುಗೀತು. ಸೀದಾ ಬಂದು ಬೇಡಪ್ಪನ ಎರಡೂ ಕೈ ಹಿಡ್ಕೊಂಡ್ಲು.

"ಅಣ್ಣಾ! ನಿಮ್ಮನ್ನ ಕೇಳಿದ್ದಕ್ಕೆ ನೀವೇ ನನ್ನ ಹೆಸರು ಹೇಳಿದ್ರಂತೆ! ಎಂಥ ದೊಡ್ಡ ಮನಸ್ಸಣ್ಣ ನಿಮ್ಮದು!"

ಬೇಡಪ್ಪ ಇಂಗು ತಿಂದ ಮಂಗನ ಥರ ನಕ್ಕ. "ಅಯ್ಯೋ, ನಂದೇನಿದೆ ತಾಯಿ." ಎಲ್ಲಾರೂ ಚಪ್ಪಾಳೆ ತಟ್ಟಿದ್ರು. ಆಮೇಲೆ ಬೆಡ್‌ಶೀಟು ಎಂಥಾ ಎಳೆತ ಎಳೆದ ಅಂದ್ರೆ, ಆ ತುದೀಲಿದ್ದೋನು ಮುಗ್ಗರಿಸಿ ಬುಟ್ಟಿಯೊಳಗೆ ಬಿದ್ದ.

ಊಟದ ಬಿಡುವಿನಲ್ಲಿ ತಡೆಯೋಕಾಗ್ಲಿಲ್ಲ. ಟವೆಲ್ ಇಡೋ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ. ಟವೆಲ್ ರಾಶಿ ಎದುರು ನಿಂತು ಪ್ರಾಕ್ಟೀಸ್. "ಮೇಡಂ, ನಂಗೆ ಬೇ..." ಕೆಮ್ಮು. "ಬೇಕಿ..." ಮತ್ತೆ ಕೆಮ್ಮು. ಟವೆಲ್ಲಿಗೇ ನಾಚಿಕೊಂಡ್ರೆ ಮೇಡಂ ಮುಂದೆ ಏನು ಗತಿ? ಆದ್ರೂ ಮಂಡಿ ನೋವು ನೆನೆಸ್ಕೊಂಡು ಮೆಟ್ಟಿಲು ಹತ್ತಿದ.

"ಮೇಡಂ, ಬೆಳಿಗ್ಗೆ ನಾನು ಬೇಡ ಅಂದ್ನಲ್ಲ, ಅದು ಬೇಡ ಅಲ್ಲ."

"ಮತ್ತೆ?"

"ಅದು... ಮರ್ಯಾದೆ ಮೇಡಂ. ನೀವು ಇನ್ನೊಂದ್ಸಲ ಕೇಳ್ಬೇಕಿತ್ತು."

ಮೇಡಂ ಪೆನ್ನು ಕೆಳಗಿಟ್ರು. "ನಮ್ಮಪ್ಪ ಏನು ಹೇಳಿಕೊಟ್ಟಿದ್ದಾರೆ ಗೊತ್ತಾ? ದೊಡ್ಡೋರು ಒಂದ್ಸಲ ಬೇಡ ಅಂದ್ಮೇಲೆ ಮತ್ತೆ ಕೇಳೋದು ಅಂದ್ರೆ, ಅವರ ಮಾತು ನಂಬ್ಲಿಲ್ಲ ಅಂತ. ನಾನು ಎರಡನೇ ಸಲ ಕೇಳಿದ್ದೇ ಜಾಸ್ತಿ. ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದೆ. ನಾನು ಇರೋದೇ ಹೀಗೆ, ನೇರ. ನಂಗೆ ಈ ಸಂಪ್ರದಾಯ ಗಿಂಪ್ರದಾಯ ಎಲ್ಲ ಇಲ್ಲ."

ಕೇಳಿದ್ರಾ! ಈಗ ತಾನೇ ಅಪ್ಪನ ಪಾಠ ಒಪ್ಪಿಸಿದ ಬಾಯಲ್ಲೇ, ನಂಗೆ ಸಂಪ್ರದಾಯ ಇಲ್ಲ ಅಂತೆ! ಇವನಿಗೆ ಅಮ್ಮ, ಅವರಿಗೆ ಅಪ್ಪ. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟೂ ಕೊಟ್ಟೂ ಕುರ್ಚಿ ಇನ್ನೊಬ್ಬಳ ಪಾಲಾಯ್ತು.

ಆದ್ರೆ ಮೇಡಂ ಕೆಟ್ಟೋರಲ್ಲ. "ಇನ್ನೂ ಆರ್ಡರ್ ಆಗಿಲ್ಲ. ಈಗ ಬಾಯಿಬಿಟ್ಟು ಹೇಳಿ. ನಿಮಗೆ ಬೇಕಾ?"

ಬಂತು! ಮೂರನೇ ಸಲ ಬಂದೇಬಿಡ್ತು! ಆದ್ರೆ ಬೇಡಪ್ಪನ ತಲೇಲಿ ಬೇರೆ ಲೆಕ್ಕ ಓಡ್ತಿತ್ತು. ಬೆಳಿಗ್ಗೆದು ಬೆಳಿಗ್ಗೆಗೇ ಮುಗೀತು. ಇದು ಹೊಸ ಪ್ರಶ್ನೆ. ಹೊಸ ಪ್ರಶ್ನೆಗೆ ಒಂದರಿಂದಾನೇ ಎಣಿಸ್ಬೇಕು ಅಲ್ವಾ?

"ಅಯ್ಯೋ, ಬೇಕು ಅಂತೇನಿಲ್ಲ ಮೇಡಂ. ಅಕ್ಕನೇ ಇರ್ಲಿ ಬಿಡಿ."

"ಸರಿ," ಅಂದ್ರು ಮೇಡಂ, ಫೋನ್ ಎತ್ತಿಕೊಂಡ್ರು.

ಸಂಜೆ ಬಸ್ಸಿನಲ್ಲಿ ಜೋತು ಬಿದ್ಕೊಂಡು ಬರ್ತಾ ಬರ್ತಾ ಬೇಡಪ್ಪ ಕತೆಗೆ ಬಣ್ಣ ಬಳಿದ. ಮೊದಲ ಸ್ಟಾಪಲ್ಲಿ ಮೋಸ ಹೋಗಿದ್ದ. ನಡು ದಾರೀಲಿ ಬಿಟ್ಟುಕೊಟ್ಟಿದ್ದ. ಮನೆ ಹತ್ರ ಇಳಿಯೋ ಹೊತ್ತಿಗೆ ತ್ಯಾಗ ಮಾಡಿದ್ದ.

ಹೆಂಡತಿ ತಟ್ಟೆ ಇಟ್ಟು ಕೂತಿದ್ಲು. ಗಂಡನ ಬೇಡಗಳನ್ನ ರಾಗದಲ್ಲೇ ಗುರುತು ಹಿಡಿಯೋ ಹೆಂಗಸು ಅದು. ಮೊದಲನೇ ಬೇಡ ಮೇಲಕ್ಕೆ ಎಳೆಯುತ್ತೆ, ಎರಡನೇದು ಕೆಳಗಿಳಿಯುತ್ತೆ, ಮೂರನೇದರಲ್ಲಿ ಪದಾನೇ ಇರಲ್ಲ, ಬರೀ ಗಂಟಲು.

"ನಂಗೇ ಕೊಡ್ತೀನಿ ಅಂದ್ರು ಕಣೇ. ನಾನೇ ಬಿಟ್ಟುಕೊಟ್ಟೆ. ಪಾಪ, ಆ ಅಕ್ಕ ಮುಂದೆ ಬರ್ಲಿ ಅಂತ."

"ಎಷ್ಟು ಸಲ ಕೇಳಿದ್ರು?"

"ಎಷ್ಟು ಸಲ ಅಂದ್ರೆ? ಬೆಳಿಗ್ಗೆ ಒಂದು... ಒಂದೂವರೆ ಅಂದ್ಕೋ. ಮಧ್ಯಾಹ್ನ ಇನ್ನೊಂದು."

"ಮಧ್ಯಾಹ್ನಾನೂ ಕೇಳಿದ್ರಾ? ಮತ್ತೆ?"

"ಛೆ, ಬಾಯಿಬಿಟ್ಟು ಬೇಕು ಅನ್ನೋಕಾಗುತ್ತೇನೆ? ನನ್ನ ಸ್ವಭಾವ ಅಲ್ಲ ಅದು."

ಹೆಂಡತಿ ಸೌಟು ಪಾತ್ರೇಲಿ ಇಟ್ಲು. ಇಟ್ಟ ಸದ್ದಿಗೆ ಬೇಡಪ್ಪ ತಲೆ ಎತ್ತಿದ.

"ರೀ, ಒಂದು ಹೇಳ್ಲಾ? ನಿಮ್ಮನ್ನ ಜೀವನವೆಲ್ಲ ಯಾರೋ ಒಬ್ಬರು ಕೇಳ್ಕೊಂಡು ಬಂದಿದ್ದಾರೆ. ಮದುವೆಗೆ ಮುಂಚೆ ನಿಮ್ಮಮ್ಮ. ಹುಡುಗಿ ಒಪ್ಪಿಗೇನಾ ಅಂತ ನಮ್ಮ ಸೋದರಮಾವ ಮೂರು ಸಲ ಕೇಳಿದ್ರು ನಿಮ್ಮನ್ನ. ಆಮೇಲೆ ನಾನು. ಅನ್ನ ಹಾಕ್ಲಾ, ಹಾಸಿಗೆ ಹಾಸ್ಲಾ, ಮಂಡಿಗೆ ಎಣ್ಣೆ ಹಚ್ಚಲಾ, ಎಲ್ಲಾ ಮೂರ್ಮೂರು ಸಲ. ಕೇಳೋರು ಇದ್ರೆ ತಾನೇ ರೀ ಬೇಡ ಅನ್ನೋ ದೊಡ್ಡಸ್ತಿಕೆ? ನನ್ನನ್ನ ಮೂರು ಸಲ ಬೇಡ, ಒಂದೇ ಒಂದ್ಸಲ ಕೇಳಿದೋರು ಯಾರಿದ್ದಾರೆ ಹೇಳಿ!"

ಬೇಡಪ್ಪನ ತುತ್ತು ಕೈಯಲ್ಲೇ ನಿಂತ್ಕೊಳ್ತು. ಇಷ್ಟು ವರ್ಷದಲ್ಲಿ ಇಂಥ ಮಾತು ಕೇಳಿರ್ಲಿಲ್ಲ ಅವನು. ನುಂಗಿದ, ನೀರು ಕುಡಿದ, ಗೋಡೆ ನೋಡ್ದ. ಪಾಪ, ಒಳಗೆಲ್ಲೋ ಚುಚ್ಚಿರ್ಬೇಕು. ಮೆಲ್ಲಗೆ ಕೇಳ್ದ.

"ಹಾಗಾದ್ರೆ ಹೇಳು. ನಿಂಗೇನು ಬೇಕು?"

ಹೆಂಡತಿ ಅವನ ಮುಖ ನೋಡಿದ್ಲು. ಕಣ್ಣಲ್ಲಿ ಏನೋ ಹೊಳೀತು. ಆಮೇಲೆ ತಲೆ ಬಗ್ಗಿಸಿದ್ಲು, ಒರೆಸಿದ ಜಾಗಾನೇ ಮತ್ತೆ ಬಟ್ಟೇಲಿ ಒರೆಸಿದ್ಲು.

"ಅಯ್ಯೋ, ನಂಗೇನೂ ಬೇಡ ಬಿಡಿ," ಅಂದ್ಲು, ಸ್ವಲ್ಪ ಮೇಲಕ್ಕೆ ಎಳೆದು.

ಬೇಡಪ್ಪ ಸಮಾಧಾನದಿಂದ ಉಸಿರು ಬಿಟ್ಟ. "ಸರಿ ಬಿಡು," ಅಂದ. ಕೈ ತೊಳ್ಕೊಂಡು ಬಂದು ಟಿವಿ ಮುಂದೆ ಕೂತು, ಸೌಂಡು ಜಾಸ್ತಿ ಮಾಡ್ಕೊಂಡ.