ವ್ಯಾನಿನ ಕಾಕಾ ಮತ್ತು ಅವನ ಹೊಗೆ

ಕಳೆದ ಸೋಮವಾರ ಬಾಗಲಕೋಟೆಯ ನವನಗರದಲ್ಲಿ ಆಟೋ ಹತ್ತಿದೆ. ಕೂತು ಅರ್ಧ ನಿಮಿಷವಾಗಿರಲಿಲ್ಲ, ಕಾಲಡಿಯ ಸಂದಿನಿಂದ ಸುಟ್ಟ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಗಂಟಲಲ್ಲಿ ಅದೇ ಹಳೆಯ ಕಹಿ... ಆಟೋದವನಿಗೆ ಬಾಯಿಗೆ ಬಂದಂತೆ ಬೈದು ಇಳಿದುಬಿಟ್ಟೆ. ಪಾಪ, ಅವನಿಗೆ ಏನು ಗೊತ್ತು! ನಾನು ಬೈದದ್ದು ನಮ್ಮ ವ್ಯಾನಿನ ಕಾಕಾನಿಗೆ.

ಆಗ ನಾನು ಹುನಗುಂದದಲ್ಲಿ ಇದ್ದುಕೊಂಡು ಬಾಗಲಕೋಟೆಯ ಶಾಲೆಯೊಂದಕ್ಕೆ ಪಾಠ ಹೇಳಲು ದಿನಾ ಹೋಗಿಬರುತ್ತಿದ್ದೆ. ಕಾಕಾ ಇಳಕಲ್ಲಿನ ನೇಕಾರರ ಮನೆತನದವನು. ಮಗ್ಗ ಬಿಟ್ಟು ಹಳೆಯ ವ್ಯಾನೊಂದನ್ನು ಕೊಂಡಿದ್ದ. ಬೆಳಿಗ್ಗೆ ಸೀರೆಯ ಗಂಟುಗಳನ್ನು ತುಂಬಿಕೊಂಡು ಬಾಗಲಕೋಟೆಯ ಅಂಗಡಿಗಳಿಗೆ ಮುಟ್ಟಿಸುವುದು ಅವನ ಕೆಲಸ. ಹಿಂದೆಲ್ಲ ಗಂಟುಗಳು, ಮುಂದೆ ಅವನ ಪಕ್ಕ ಖಾಲಿ ಇದ್ದದ್ದು ಒಂದೇ ಸೀಟು. ನಮ್ಮ ಓಣಿಯ ತಿರುವಿನಲ್ಲಿ ನಿಲ್ಲಿಸಿ ನನ್ನನ್ನು ಹತ್ತಿಸಿಕೊಳ್ಳುತ್ತಿದ್ದ. ಎಂಜಿನ್ ಮಾತ್ರ ಆರಿಸುತ್ತಿರಲಿಲ್ಲ, ಆರಿಸಿದರೆ ಮತ್ತೆ ತಳ್ಳಬೇಕಾಗುತ್ತಿತ್ತು.

ಆ ವ್ಯಾನಿನ ಸೈಲೆನ್ಸರ್ ಪೈಪು ಒಡೆದಿತ್ತು. ಹೊಗೆ ಹಿಂದೆ ಹೋಗುವುದನ್ನು ಬಿಟ್ಟು ಒಳಗೇ ಬರುತ್ತಿತ್ತು. ಗಾಜು ಇಳಿಸೋಣವೆಂದರೆ ಕಾಕಾ ಬಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ಗ್ರಾನೈಟ್ ಲಾರಿಗಳು, ಅವುಗಳ ಬಿಳಿ ಧೂಳು.

"ಅಕ್ಕಾರ, ಗಾಜ ಏರಸ್ರಿ. ಸೆರಗಿನ ಮ್ಯಾಲೆ ಧೂಳ ಕುಂತ್ರ ಅಂಗಡ್ಯಾವ್ರು ಹೊಳ್ಳಿ ಕಳಸ್ತಾರ್ರಿ."

ಸೀರೆಗೆ ಧೂಳು ಹತ್ತಬಾರದು, ನನ್ನ ಎದೆಗೆ ಹೊಗೆ ಹೊಕ್ಕರೆ ನಡೆಯುತ್ತದೆ! ಅಮೀನಗಡ ದಾಟುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ಮೊದಲ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ ನಾನೇ ಬರೆದದ್ದು ನನಗೆ ಕಾಣುತ್ತಿರಲಿಲ್ಲ. ಹೇಳಿದರೆ, ಉಪವಾಸ ಬಂದಿದ್ದೀರಿ, ಪಿತ್ತ ಆಗಿದೆ ಎಂದು ನನಗೇ ಬುದ್ಧಿ ಹೇಳುತ್ತಿದ್ದ. ಅವನಿಗೇನು ತಲೆನೋವು ಇರಲಿಲ್ಲವೇ? ಹಣೆಗೆ ಟವೆಲ್ ಬಿಗಿದುಕೊಂಡೇ ಓಡಿಸುತ್ತಿದ್ದ. ಕೇಳಿದರೆ ಬಿಸಿಲು ಎನ್ನುತ್ತಿದ್ದ. ಬೆಳಿಗ್ಗೆ ಎಂಟಕ್ಕೆ ಎಂಥ ಬಿಸಿಲು?

ಜಗಳ ಮಾಡಿ ಮಾಡಿ ಸಾಕಾದ ಮೇಲೆ ಒಂದು ದಿನ, ಪೈಪು ರಿಪೇರಿ ಆಯಿತು ಎಂದ. ಬಗ್ಗಿ ನೋಡಿದರೆ ತಗಡು ಸುತ್ತಿ ತಂತಿ ಹೆಣೆದಿದ್ದಾನೆ! ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೈಚಳಕದ ಜಂಬ ಅವನಿಗೆ.

"ಕೊಂಡಿ ಹಾಕೇನ್ರಿ. ನಮ್ಮ ಮನಿ ಕೊಂಡಿ ಎಂದಾರ ಬಿಚ್ಚೇತೇನ್ರಿ?"

ಮೂರನೇ ದಿನಕ್ಕೆ ಬಿಚ್ಚಿತು.

ಗ್ಯಾರೇಜಿಗೆ ಬಿಡು ಎಂದರೆ, ಅಮಾವಾಸ್ಯೆಗೆ ಬಿಡುತ್ತೇನೆ, ಅಂದು ಮಗ್ಗಗಳು ನಿಂತಿರುತ್ತವೆ, ಸೀರೆ ಸಾಗಿಸುವ ಗದ್ದಲ ಇರುವುದಿಲ್ಲ ಎಂದ. ಅಮಾವಾಸ್ಯೆ ಬಂತು, ಇವನೂ ವ್ಯಾನು ಒಯ್ದ. ಗ್ಯಾರೇಜಿಗೆ ಬೀಗ! ಅಮಾವಾಸ್ಯೆಗೆ ಮಗ್ಗ ಮುಟ್ಟದ ಊರಿನಲ್ಲಿ ಮಿಸ್ತ್ರಿ ಸ್ಪ್ಯಾನರ್ ಮುಟ್ಟುತ್ತಾನೆಯೇ? ಹುಟ್ಟಿ ಬೆಳೆದ ಊರು, ಇಷ್ಟು ಗೊತ್ತಾಗಬೇಡವೇ ಮನುಷ್ಯನಿಗೆ! ಮುಂದಿನ ಅಮಾವಾಸ್ಯೆಗೂ ಅದೇ ಕಥೆ. ನಾನು ಹಣೆ ಹಣೆ ಬಡಿದುಕೊಂಡೆ.

"ಒಂದಿನ ಸೀರಿ ತಡಾ ಆದ್ರ ಊರೇನ್ ಮುಳುಗೂದಿಲ್ಲ ಕಾಕಾ. ಈ ಹೊಗಿ ಕುಡದು ನೀ ಸಾಯ್ತಿ ನೋಡು."

"ನನಗ ರೂಢಿ ಆಗೇತ್ರೀ ಅಕ್ಕಾರ" ಎಂದು ನಕ್ಕ. ಹೊಗೆ ರೂಢಿಯಾಗುತ್ತದಂತೆ...

ಒಂದು ಬೆಳಿಗ್ಗೆ ಬಾಗಲಕೋಟೆಯಲ್ಲಿ ಇಳಿಯುತ್ತಲೇ ವಾಂತಿಯಾಯಿತು. ಉಟ್ಟ ಸೀರೆಯೆಲ್ಲ ಹಾಳು. ಶಾಲೆಯ ಗೇಟಿನೆದುರೇ ಮಕ್ಕಳು ನೋಡುತ್ತ ನಿಂತಿದ್ದರು. ವ್ಯಾನಿನ ಬಾಗಿಲನ್ನು ಧಡಾರನೆ ಬಡಿದು ಹೋದೆ. ಮರುದಿನದಿಂದ ಒಂದು ತಾಸು ಮೊದಲೇ ಎದ್ದು, ಬಸ್‌ಸ್ಟ್ಯಾಂಡಿಗೆ ನಡೆದು ಬಸ್ಸು ಹಿಡಿದೆ. ಕಾಕಾ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಇನ್ನು ಅವನುಂಟು, ಅವನ ಹೊಗೆಯುಂಟು ಎಂದುಕೊಂಡೆ. ತಲೆನೋವು ನಿಂತಿತು. ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಆರನೇ ದಿನ ಸಂಜೆ ಮನೆಗೆ ಬರುತ್ತಿದ್ದೆ. ನಮ್ಮ ಓಣಿಯ ತಿರುವಿನ ಚಹಾದಂಗಡಿಯಾಕೆ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುವವಳು, ಅಂದು ನನಗಾಗಿ ಕಾದು ಕುಳಿತಿದ್ದಳು. ಬೆಳಿಗ್ಗೆ ಕಾಕಾ ಎಂದಿನಂತೆ ವ್ಯಾನು ನಿಲ್ಲಿಸಿದ್ದನಂತೆ. ಎಂಜಿನ್ ನಡೆದೇ ಇತ್ತು, ಧೂಳಿಗೆಂದು ಗಾಜೂ ಏರಿಸಿದ್ದ. ಸ್ಟೇರಿಂಗಿನ ಮೇಲೆ ತಲೆಯಿಟ್ಟದ್ದನ್ನು ಕಂಡು, ಒಂದು ನಿದ್ದೆ ತೆಗೆಯಲಿ ಎಂದು ಈಕೆ ಎಬ್ಬಿಸಲಿಲ್ಲ. ಬಹಳ ಹೊತ್ತಾದ ಮೇಲೆ ಬಾಗಿಲು ತೆಗೆದರೆ ಒಳಗೆಲ್ಲ ಹೊಗೆ... ದವಾಖಾನೆಗೆ ಒಯ್ದರು. ಉಪಯೋಗವಾಗಲಿಲ್ಲ.

"ಅಷ್ಟೊತ್ತು ಯಾಕ ನಿಂತಿದ್ದ ಇಲ್ಲಿ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ನಿಮ್ಮನ್ನ ಕಾಯಾಕತ್ತಿದ್ದ್ರಿ" ಎಂದಳು. "ದಿನಾ ಕಾಯ್ತಿದ್ದ. ಅಕ್ಕಾರ ಸಿಟ್ಟಾಗ್ಯಾರ, ಇವತ್ತ ಬರ್ತಾರ ಅಂತಿದ್ದ."

ಈಗ ಬಾಗಲಕೋಟೆಯಲ್ಲೇ ಮನೆ ಮಾಡಿದ್ದೇನೆ, ಶಾಲೆಗೆ ನಡೆದೇ ಹೋಗುತ್ತೇನೆ. ಕಾಕಾನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಪೈಪಿಗೆ ಬೈಯುತ್ತೇನೆ, ಅಮಾವಾಸ್ಯೆಗೆ ಬೈಯುತ್ತೇನೆ, ಆ ಹಟಮಾರಿಗೆ ಬೈಯುತ್ತೇನೆ. ಬೈದು ಮುಗಿದ ಮೇಲೆ ಉಳಿಯುವುದು ನಾನೊಬ್ಬಳೇ. ಫೋನ್ ಎತ್ತಿ, "ನಾ ಬಸ್ಸಿಗೆ ಹೋಗ್ತೇನಿ ಕಾಕಾ, ನನ್ನ ಕಾಯಬ್ಯಾಡ" ಎಂದಿದ್ದರೆ ಅವನು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ.